ಟ್ಯೂಷನ್‌ಗೆ ಹಾಕೂದು ಹತ್ತನೇ ಕ್ಲಾಸಿಗೆ, ಎಡವಿದ್ದು ಐದನೇ ಕ್ಲಾಸಲ್ಲಿ

ಏಪ್ರಿಲ್ ಬಂತು ಅಂದ್ರೆ ನಮ್ಮ ಶಿರಸಿ ಕಡೆ ಕಟ್ಟೆ ಮೇಲೆ ಎರಡೇ ಮಾತು, ಅಡಕೆ ರೇಟು ಎಷ್ಟಾಯ್ತು ಅನ್ನೋದು ಒಂದು, ಮಾಣಿನ್ನ ಯಾರ ಹತ್ರ ಹಾಕೂದು ಅನ್ನೋದು ಇನ್ನೊಂದು. ಹಾಕೂದು ಅಂದ್ರೆ ಟ್ಯೂಷನ್‌ಗೆ, ಯಾವ ಸಬ್ಜೆಕ್ಟಿಗೆ ಅಂತ ಬಿಡಿಸಿ ಹೇಳೂದೇ ಬೇಡ, ಮ್ಯಾಥ್ಸು ಸೈನ್ಸು ಅಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಫಸ್ಟ್ ಲ್ಯಾಂಗ್ವೇಜ್ ಆದ್ರೆ ಅದಕ್ಕೆ 125 ಮಾರ್ಕ್ಸ್, ಬಾಕಿ ಐದು ಸಬ್ಜೆಕ್ಟಿಗೆ ನೂರು ನೂರು, ಒಟ್ಟು 625, ಆದ್ರೂ ಆ 125ಕ್ಕೆ ಟ್ಯೂಷನ್ ಹುಡುಕಿದವರನ್ನ ನಾನಂತೂ ಇವತ್ತಿನವರೆಗೆ ನೋಡಿಲ್ಲ. ಈ ವರ್ಷ ಕೇಳಿದ್ದು ನಮ್ಮ ಪಕ್ಕದ ಮನೆಯವರು, ಮಗ ಒಂಬತ್ತು ಮುಗಿಸಿದ್ದಾನೆ, ಮಗಳು ಏಳು. ನಾನು ಬಿಎಸ್ಸಿ ಮುಗಿಸಿ ಕೆಲಸ ಸಿಗೋವರೆಗೆ ಮೂರು ವರ್ಷ ಒಂದು ಬಾಡಿಗೆ ರೂಮಲ್ಲಿ ಟ್ಯೂಷನ್ ಹೇಳಿದ್ದವ, ಹಾಗಾಗಿ ನನ್ನ ಹತ್ರ ಕೇಳ್ತಾರೆ. ಕೇಳಿದ ಮೇಲೆ ನಾನು ಹೇಳೋ ಉತ್ತರ ಯಾರಿಗೂ ಇಷ್ಟ ಆಗೂದಿಲ್ಲ ಅದು ಬೇರೆ ವಿಷಯ.

ಮೊದ್ಲು ಇದು ನಮ್ಮೂರಿನ ಹುಚ್ಚು ಮಾತ್ರ ಅಲ್ಲ ಅನ್ನೋದನ್ನ ಹೇಳ್ಬೇಕು. ಕೇಂದ್ರ ಸರ್ಕಾರದ ಎನ್‌ಎಸ್‌ಎಸ್ ಸರ್ವೇ 2025ರಲ್ಲಿ ಬಂದಿದ್ರಲ್ಲಿ ದೇಶದ ಶಾಲಾ ಮಕ್ಕಳಲ್ಲಿ ಶೇ. 27 ಮಂದಿ ದುಡ್ಡು ಕೊಟ್ಟು ಕೋಚಿಂಗಿಗೆ ಹೋಗ್ತಾರೆ ಅಂತ ಇದೆ, ಪೇಟೆಯಲ್ಲಿ 30.7, ಹಳ್ಳಿಯಲ್ಲಿ 25.5. ನನಗೆ ಆಶ್ಚರ್ಯ ಆಗಿದ್ದು ಹಳ್ಳಿ ಲೆಕ್ಕ ನೋಡಿ, ಪೇಟೆಗೂ ಹಳ್ಳಿಗೂ ಅಂಥಾ ದೊಡ್ಡ ಅಂತರವೇ ಇಲ್ಲ. ಆದ್ರೆ ಖರ್ಚಲ್ಲಿ ಇದೆ, ವರ್ಷಕ್ಕೆ ಒಂದು ಮಗುವಿಗೆ ಪೇಟೆಯವರು ಸರಾಸರಿ 3,988 ರೂಪಾಯಿ ಹಾಕಿದ್ರೆ ಹಳ್ಳಿಯವರು 1,793. ಪಶ್ಚಿಮ ಬಂಗಾಳ, ಬಿಹಾರದ ಕಡೆ ನೋಡಿದ್ರೆ ನಾವು ಏನೂ ಅಲ್ಲ, ಹಳ್ಳಿ ಮಕ್ಕಳ ಕಲಿಕೆ ಅಳೆಯೋ 2022ರ ಅಸರ್ ವರದಿಯಲ್ಲಿ ಅಲ್ಲಿ ಹತ್ತರಲ್ಲಿ ಏಳು ಮಕ್ಕಳು ಒಂದರಿಂದ ಎಂಟನೇ ಕ್ಲಾಸಿನ ಒಳಗೇ ಟ್ಯೂಷನ್‌ಗೆ ಹೋಗ್ತಿದ್ರು.

ಇನ್ನೊಂದು ಕಡೆ ನಮ್ಮ ಜಿಲ್ಲೆ ರಿಸಲ್ಟು. ಉತ್ತರ ಕನ್ನಡಕ್ಕೆ ಎರಡು ಶೈಕ್ಷಣಿಕ ಜಿಲ್ಲೆ, ಕರಾವಳಿಯ ಐದು ತಾಲೂಕು ಕಾರವಾರದ್ದು, ಘಟ್ಟದ ಮೇಲಿನದ್ದು ಶಿರಸಿದ್ದು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಒಂದರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ರೆ ಮೂರನೇ ಜಾಗ ಉತ್ತರ ಕನ್ನಡಕ್ಕೆ, ಅಂದ್ರೆ ಕಾರವಾರದ್ದಕ್ಕೆ, ಶೇ. 83.19, ಶಿರಸಿ 80.47. ಅದೇ ವರ್ಷ ರಾಜ್ಯದ್ದು 66ರ ಆಸುಪಾಸು. ಅಂದ್ರೆ ರಾಜ್ಯದ ಲೆಕ್ಕದಲ್ಲಿ ನಾವು ಹುಷಾರು. ಹಾಗಿದ್ದೂ ಟ್ಯೂಷನ್ ಯಾಕೆ ಇಷ್ಟು ಬೇಕು ಅಂತ ಕೇಳಿದ್ರೆ ಒಬ್ಬರು ಮೇಷ್ಟ್ರು ನನಗೆ ಹೇಳಿದ್ದು, ತಮಾ, ರಿಸಲ್ಟು ಬೇರೆ ಲೆಕ್ಕ ಬರೂದು ಬೇರೆ ಅಂತ.

ಆ ಮಾತಲ್ಲಿ ಎಲ್ಲಾ ಇದೆ. 2023ರಲ್ಲಿ ರಾಜ್ಯದ ರಿಸಲ್ಟು 83.89 ಇತ್ತು. 2024ರಲ್ಲಿ ಪರೀಕ್ಷಾ ಹಾಲಿಗೆ ವೆಬ್‌ಕಾಸ್ಟಿಂಗ್ ಕ್ಯಾಮರಾ ಬಂತು ನೋಡಿ, ಗ್ರೇಸ್ ಮಾರ್ಕ್ಸ್ ಹೆಚ್ಚು ಮಾಡಿ ಎತ್ತಿ ನಿಲ್ಲಿಸಿದ್ರೂ 73.40ಕ್ಕೆ ಬಿತ್ತು, ಮರುವರ್ಷ ಆ ಗ್ರೇಸ್ ತೆಗೆದ್ರು, ಇನ್ನೂ ಕೆಳಗೆ. ಎರಡು ವರ್ಷದಲ್ಲಿ ಮಕ್ಕಳು ದಡ್ಡರಾಗಿ ಹೋದ್ರಾ? ಇಲ್ಲಪ್ಪ. ಮೊದ್ಲೂ ಅಷ್ಟೇ ಬರ್ತಿತ್ತು, ಈಗ ಕಾಣ್ತಾ ಇದೆ ಅಷ್ಟೇ.

ಈಗ ಟ್ಯೂಷನ್ ಒಳಗೆ ಏನಾಗ್ತದೆ ಅಂತ ನೋಡುವ, ಇದು ಹೊರಗಿಂದ ಗೊತ್ತಾಗೂದಿಲ್ಲ. ಹತ್ತನೇ ಕ್ಲಾಸಿನ ಮ್ಯಾಥ್ಸ್ ಪೇಪರ್ 80 ಮಾರ್ಕ್ಸಿಂದು, 38 ಪ್ರಶ್ನೆ, ಇನ್ನು 20 ಇಂಟರ್ನಲ್ಲು ಶಾಲೆಯಲ್ಲೇ ಸಿಗೂದು. ಇಷ್ಟು ವರ್ಷ ಲೆಕ್ಕಾಚಾರ ಏನಿತ್ತು ಅಂದ್ರೆ 80ರಲ್ಲಿ 28 ತೆಗೆದ್ರೆ ದಡ ಸೇರಿದ ಹಾಗೆ. ಈ 28 ಎಲ್ಲಿಂದ ಬರ್ತದೆ ಅನ್ನೋದಕ್ಕೆ ಒಂದು ಹೆಸರೇ ಇದೆ, ಪಾಸಿಂಗ್ ಪ್ಯಾಕೇಜು. ಥೇಲ್ಸ್ ಪ್ರಮೇಯ ಬಾಯಿಪಾಠ, ಹೊರಗಿನ ಬಿಂದುವಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಅನ್ನೋ ಪ್ರಮೇಯ ಬಾಯಿಪಾಠ, ಎರಡು ಸಮೀಕರಣದ ಗ್ರಾಫು ನಾಕು ಮಾರ್ಕ್ಸು, ಸರಾಸರಿ ಇಲ್ಲಾ ಬಹುಲಕ ಕಂಡುಹಿಡಿಯೋ ಟೇಬಲ್ಲು ಮೂರು ಮಾರ್ಕ್ಸು, ಮೇಲಿಂದ ಒಂದೊಂದು ಮಾರ್ಕಿನ ಸೂತ್ರಗಳು. ಸೈನ್ಸಲ್ಲಿ ಹೃದಯದ ಚಿತ್ರ, ನೆಫ್ರಾನ್ ಚಿತ್ರ, ಪೀನ ಮಸೂರದ ಕಿರಣ ರೇಖಾಚಿತ್ರ, ಓಮ್‌ನ ನಿಯಮ. ಇದನ್ನ ಶಾಲೆಯಲ್ಲೂ ಮಾಡಿಸ್ತಾರೆ, ಜನವರಿಯಿಂದ ಬೆಳಿಗ್ಗೆ ಸಂಜೆ ಸ್ಪೆಷಲ್ ಕ್ಲಾಸ್ ಅಂತ ಪುಕ್ಕಟೆ ಮಾಡಿಸ್ತಾರೆ. ಟ್ಯೂಷನ್‌ನಲ್ಲಿ ಅದನ್ನೇ ಜೂನಿಂದ ದುಡ್ಡಿಗೆ ಮಾಡಿಸ್ತಾರೆ. ನಾನೂ ಮಾಡಿಸಿದ್ದೇನೆ, ಸುಳ್ಳು ಯಾಕೆ ಹೇಳೂದು.

ಒಂದು ಸಲ ನಾನು ಟೆಸ್ಟ್ ಕೊಡುವಾಗ ಥೇಲ್ಸ್ ಪ್ರಮೇಯದ ಚಿತ್ರದಲ್ಲಿ ತ್ರಿಭುಜಕ್ಕೆ ಎಬಿಸಿ ಬದ್ಲು ಪಿಕ್ಯೂಆರ್ ಅಂತ ಹೆಸರು ಇಟ್ಟೆ. ಅಷ್ಟೇ ಮಾಡಿದ್ದು. ಹನ್ನೊಂದು ಮಕ್ಕಳಲ್ಲಿ ಏಳು ಮಂದಿ ಚಿತ್ರದಲ್ಲಿ ಪಿಕ್ಯೂಆರ್ ಬರ್ದು ಕೆಳಗೆ ಸಾಧನೆಯಲ್ಲಿ ಎಬಿಸಿ ಅಂತಲೇ ಬರೆದಿದ್ರು, ಒಬ್ಬನಂತೂ ಸರ್ ಇದು ಸಿಲೆಬಸ್‌ನಲ್ಲಿ ಇಲ್ಲ ಅಂದ. ನಗು ಬಂದಿತ್ತು ಆಗ, ಮನೆಗೆ ಬರ್ತಾ ನಗು ನಿಂತು ಹೋಯ್ತು, ಯಾಕಂದ್ರೆ ಆ ಸಾಧನೆಯನ್ನ ಅವ್ರಿಗೆ ಬಾಯಿಪಾಠ ಮಾಡಿಸಿದ್ದು ಯಾರು ಮತ್ತೆ.

ಅವ್ರು ಎಡವೂದು ಹತ್ತನೇ ಕ್ಲಾಸಿನ ಪಾಠದಲ್ಲಿ ಅಲ್ಲವೇ ಅಲ್ಲ. ವರ್ಗ ಸಮೀಕರಣದ ಸೂತ್ರ ಎಲ್ಲರಿಗೂ ಬರ್ತದೆ, ಹಾಡಿನ ಹಾಗೆ ಹೇಳ್ತಾರೆ. ಬಿ ಅಂದ್ರೆ ಮೈನಸ್ ಐದು, ಹಾಗಾದ್ರೆ ಮೈನಸ್ ಬಿ ಎಷ್ಟು ಅಂತ ಕೇಳಿ, ಅರ್ಧ ಕ್ಲಾಸು ಮೈನಸ್ ಐದು ಅಂತದೆ. ಗ್ರಾಫಲ್ಲಿ ಎರಡು ಎಕ್ಸ್ ಮೈನಸ್ ವೈ ಸಮ ನಾಕು ಅಂತ ಕೊಟ್ಟು ಎಕ್ಸ್‌ಗೆ ಸೊನ್ನೆ ಹಾಕು ಅಂದ್ರೆ ವೈ ನಾಕು ಅಂತ ಬರೀತಾರೆ, ಮೈನಸ್ಸು ಎಲ್ಲಿ ಹೋಯ್ತು ಅಂತ ಅವ್ರಿಗೂ ಗೊತ್ತಿಲ್ಲ, ಗೆರೆ ಎಲ್ಲೆಲ್ಲೋ ಹೋಗ್ತದೆ. ತ್ರಿಕೋನಮಿತಿಯಲ್ಲಿ ಸೈನ್ ಥೀಟಾ ಅಂದ್ರೆ ಹೆದರಿಕೆ ಇಲ್ಲ, ಒಂದು ಭಿನ್ನರಾಶಿಯನ್ನ ಇನ್ನೊಂದು ಭಿನ್ನರಾಶಿಯಿಂದ ಭಾಗಿಸು ಅಂದಾಗ ಕೈ ನಿಲ್ತದೆ. ಮೈನಸ್ಸು, ಭಿನ್ನರಾಶಿ, ಭಾಗಾಕಾರ, ಇದೆಲ್ಲಾ ಐದು ಆರು ಏಳನೇ ಕ್ಲಾಸಿಂದು. 2023ರ ಅಸರ್ ವರದಿ 14ರಿಂದ 18 ವರ್ಷದ ಹಳ್ಳಿ ಮಕ್ಕಳನ್ನ ಕೂರಿಸಿ ಮೂರು ಅಂಕಿಯನ್ನ ಒಂದು ಅಂಕಿಯಿಂದ ಭಾಗಿಸಿ ಅಂತ ಕೊಟ್ಟಿತ್ತು, ಸರಿ ಮಾಡಿದವರು ಶೇ. 43.3. ಇದು ದೇಶದ 28 ಜಿಲ್ಲೆಯ ಲೆಕ್ಕ, ನಮ್ಮದು ಇದಕ್ಕಿಂತ ಸ್ವಲ್ಪ ಚೆನ್ನಾಗಿ ಇರಬಹುದು ಅಂತ ನಂಬುವ.

ಈಗಿನ ಬ್ಯಾಚುಗಳಿಗೆ ಇನ್ನೊಂದು ಪೆಟ್ಟು ಬಿದ್ದಿದೆ, ಅದನ್ನ ಎಲ್ಲರೂ ಮರೆತೇ ಬಿಟ್ಟಿದ್ದಾರೆ. ಬೆರಳು ಮಡಿಸಿ ಲೆಕ್ಕ ಹಾಕಿ ನೋಡಿ, 2026ರಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದ ಮಕ್ಕಳು 2020-21ರಲ್ಲಿ ಐದನೇ ಕ್ಲಾಸು. ನಮ್ಮ ರಾಜ್ಯದಲ್ಲಿ ಒಂದರಿಂದ ಐದರವರೆಗಿನ ಕ್ಲಾಸು ಕೋವಿಡ್ ಆದ್ಮೇಲೆ ಬಾಗಿಲು ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಭಿನ್ನರಾಶಿ ಕಲೀಬೇಕಾದ ವರ್ಷ ಪೂರ್ತಿ ಮನೆಯಲ್ಲಿ, ಆನ್‌ಲೈನು ಅಂದ್ರೆ ನಮ್ಮ ಕಡೆ ಗುಡ್ಡ ಹತ್ತಿ ಸಿಗ್ನಲ್ ಹುಡುಕೂದು ಅಂತಲೇ ಅರ್ಥ. ಜೋಯಿಡಾ ಕಡೆಯವರಿಗೆ ಅದೂ ಇಲ್ಲ. ಆಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಅಂತ ಕಾರ್ಯಕ್ರಮ ಮಾಡಿದ್ರು, ಹಾಳೆಗಳು ಬಂದ್ವು, ಮಕ್ಕಳು ತುಂಬಿಸಿದ್ರು, ಚೇತರಿಕೆ ಆಯ್ತು ಅಂತ ಮುಂದೆ ಹೋಯ್ತು. 2027ರ ಬ್ಯಾಚು 2020-21ರಲ್ಲಿ ನಾಕನೇ ಕ್ಲಾಸು, ಅವ್ರದ್ದೂ ಇದೇ ಕತೆ.

ಸೈನ್ಸ್ ವಿಷಯಕ್ಕೆ ಬಂದ್ರೆ ನನಗೆ ಸಂಕಟ ಇನ್ನೂ ಜಾಸ್ತಿ. ಹತ್ತನೇ ಕ್ಲಾಸಿನ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು, ಅದ್ರಲ್ಲಿ ಸ್ಥಾನಪಲ್ಲಟ ಕ್ರಿಯೆ ಅಂತ ಬರ್ತದೆ, ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದ್ರೆ ಮೊಳೆ ಮೇಲೆ ಕಂದು ಬಣ್ಣದ ತಾಮ್ರ ಕೂರ್ತದೆ. ಮಕ್ಕಳು ಇದನ್ನ ಸಮೀಕರಣದ ಸಮೇತ ಹತ್ತು ಸಲ ಬರ್ದು ಬಾಯಿಪಾಠ ಹೊಡೀತಾರೆ. ಇದೇ ಮಕ್ಕಳ ಮನೆ ಅಂಗಳದಲ್ಲಿ ಮಳೆಗಾಲದಲ್ಲಿ ಅಡಕೆಯ ಕೊಳೆ ರೋಗಕ್ಕೆ ಮದ್ದು ಕಲೆಸ್ತಾರೆ, ಬೋರ್ಡೋ ದ್ರಾವಣ. ಮೈಲುತುತ್ತ ಅಂದ್ರೇನು? ಅದೇ ತಾಮ್ರದ ಸಲ್ಫೇಟು. ಅದಕ್ಕೆ ಸುಣ್ಣದ ತಿಳಿ ಬೆರೆಸಿ, ಸಾಕಾಯ್ತಾ ಇಲ್ವಾ ಅಂತ ನೋಡ್ಲಿಕ್ಕೆ ಅಪ್ಪ ಕತ್ತಿಯನ್ನ ಅದ್ದಿ ತೆಗೀತಾನೆ, ಕತ್ತಿ ಬಾಯಿ ಕೆಂಪಾಯ್ತು ಅಂದ್ರೆ ಸುಣ್ಣ ಕಡಿಮೆ, ಇನ್ನೂ ಸ್ವಲ್ಪ ಹಾಕು ಅಂತಾನೆ. ಆ ಕೆಂಪು ಅದೇ ತಾಮ್ರ, ಆ ಕತ್ತಿ ಅದೇ ಕಬ್ಬಿಣ, ಪುಸ್ತಕದ ಪ್ರಯೋಗ ಅಂಗಳದಲ್ಲಿ ಪ್ರತಿ ವರ್ಷ ನಡೀತದೆ, ಮಗ ಪಕ್ಕದಲ್ಲೇ ಕೋಲು ಹಿಡ್ಕೊಂಡು ಕಲೆಸ್ತಾ ನಿಂತಿರ್ತಾನೆ. ಆದ್ರೆ ಇದು ಅದೇ ಅಂತ ಅವನಿಗೆ ಶಾಲೆಯಲ್ಲೂ ಹೇಳಿಲ್ಲ, ಟ್ಯೂಷನ್‌ನಲ್ಲೂ ಹೇಳಿಲ್ಲ. ಶೇಕಡಾ ಒಂದರ ದ್ರಾವಣ ಅಂದ್ರೆ ನೂರು ಲೀಟರ್ ನೀರಿಗೆ ಒಂದು ಕೇಜಿ ತುತ್ತ, ಒಂದು ಕೇಜಿ ಸುಣ್ಣ, ಹಾಗಾದ್ರೆ 200 ಲೀಟರಿನ ಬ್ಯಾರಲ್ ಮೂರು ಇದ್ರೆ ಎಷ್ಟು ಬೇಕು ಅಂತ ಕೇಳಿ, ಆರು ಕೇಜಿ ಅಂತ ತಟ್ಟನೆ ಹೇಳ್ತಾನೆ. ಅದೇ ಪ್ರಶ್ನೆ ಪೇಪರಲ್ಲಿ ಅನುಪಾತ ಅಂತ ಬಂದ್ರೆ ಬಿಟ್ಟು ಬರ್ತಾನೆ.

ಕರಾವಳಿಯಲ್ಲೂ ಹೀಗೇ. ಗೋಕರ್ಣದ ಪಕ್ಕ ಸಾಣಿಕಟ್ಟಾದಲ್ಲಿ ಉಪ್ಪಿನಾಗರ ಕಣ್ಣೆದುರೇ ಇದೆ, ಆಮ್ಲ ಪ್ರತ್ಯಾಮ್ಲ ಲವಣ ಪಾಠವನ್ನ ಅಲ್ಲಿ ಮಕ್ಕಳು ಗೈಡು ನೋಡಿ ಕಲೀತಾರೆ. ಕಾರವಾರದವರಿಗೆ ಕದ್ರಾ ಡ್ಯಾಮು ಕೈಗಾ ಎಲ್ಲಾ ಹತ್ರ, ಕರೆಂಟಿನ ಪಾಠ ಮಾತ್ರ ಪುಸ್ತಕದ ಸರ್ಕ್ಯೂಟಲ್ಲೇ ಮುಗೀತದೆ. ಇದಕ್ಕೆ ಟ್ಯೂಷನ್ ಮೇಷ್ಟ್ರನ್ನ ಬೈದು ಪ್ರಯೋಜನ ಇಲ್ಲ, ಅವರಿಗೆ ಒಂದು ಗಂಟೆ ಸಿಗೂದು, ಆ ಗಂಟೆಯಲ್ಲಿ ಕತ್ತಿ ಅದ್ದಿ ತೋರಿಸ್ತಾ ಕೂತ್ರೆ ಪೋರ್ಷನ್ ಮುಗಿಸಿಲ್ಲ ಅಂತ ಅಪ್ಪಂದಿರೇ ಜಗಳಕ್ಕೆ ಬರ್ತಾರೆ.

ಭಾಷೆ ಒಂದಿದೆ. ಮನೆಯಲ್ಲಿ ಹವಿಗನ್ನಡ, ಇಲ್ಲಾ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ, ಏಳನೇ ಕ್ಲಾಸಿನವರೆಗೆ ಶಾಲೆಯಲ್ಲಿ ಪುಸ್ತಕದ ಕನ್ನಡ, ಎಂಟಕ್ಕೆ ಬಂದ ಕೂಡ್ಲೆ ಸುಮಾರು ಮಕ್ಕಳಿಗೆ ಇಂಗ್ಲಿಷ್ ಮೀಡಿಯಂ. ಸಮಾಂತರ ಶ್ರೇಢಿ ಹೋಗಿ ಅರಿಥ್‌ಮೆಟಿಕ್ ಪ್ರೋಗ್ರೆಶನ್ ಆಯ್ತು, ಪ್ರತ್ಯಾಮ್ಲ ಹೋಗಿ ಬೇಸ್ ಆಯ್ತು. ಪ್ರತ್ಯಾಮ್ಲ ಅಂದ್ರೂ ಅರ್ಥ ಆಗ್ತಿರ್ಲಿಲ್ಲ ಬಿಡಿ, ಆದ್ರೆ ಆಮ್ಲಕ್ಕೆ ಎದುರಾಗಿ ನಿಲ್ಲೂದು ಅಂತ ಶಬ್ದದಲ್ಲೇ ಒಂದು ಸುಳಿವು ಇತ್ತು. ನನ್ನ ಹತ್ರ ಬರ್ತಿದ್ದ ಮಕ್ಕಳಲ್ಲಿ ಸುಮಾರು ಜನಕ್ಕೆ ನಾನು ಮಾಡಿದ್ದು ಪಾಠ ಅಲ್ಲ, ಟ್ರಾನ್ಸ್‌ಲೇಶನ್ನು. ಪ್ರಶ್ನೆ ಏನು ಕೇಳಿದ್ದಾರೆ ಅಂತ ಕನ್ನಡದಲ್ಲಿ ಹೇಳಿದ್ರೆ ಅವ್ರೇ ಬಿಡಿಸ್ತಿದ್ರು. ನನ್ನ ಮೂರು ವರ್ಷದಲ್ಲಿ ದುಡ್ಡು ತಗೊಂಡಿದ್ದಕ್ಕೆ ನ್ಯಾಯ ಆಗಿದ್ದು ಇದೊಂದರಲ್ಲಿ ಅಂತ ನನಗೆ ಅನ್ನಿಸ್ತದೆ.

ಶಾಲೆ ಕೆಟ್ಟದ್ದು ಅದಕ್ಕೇ ಟ್ಯೂಷನ್ ಅಂತ ಹೇಳೋರಿಗೆ ಒಂದು ಮಾತು. ಹೈಸ್ಕೂಲಲ್ಲಿ ಪಿಸಿಎಂ, ಅಂದ್ರೆ ಫಿಸಿಕ್ಸು ಕೆಮಿಸ್ಟ್ರಿ ಮ್ಯಾಥ್ಸು, ಮಾಡಿದ ಟೀಚರ್ ಒಬ್ಬರು, ಸಿಬಿಝಡ್, ಅಂದ್ರೆ ಕೆಮಿಸ್ಟ್ರಿ ಬಾಟನಿ ಝುವಾಲಜಿ, ಮಾಡಿದವರು ಒಬ್ಬರು ಇದ್ರೆ ಮ್ಯಾಥ್ಸು ಸೈನ್ಸು ನಡೀತದೆ, ಸಣ್ಣ ಶಾಲೆಯಲ್ಲಿ ಪಿಸಿಎಂ ಅಂದ್ರೆ ಒಬ್ಬರೇ, ಎಂಟು ಒಂಬತ್ತು ಹತ್ತು ಮೂರೂ ಅವರ ತಲೆ ಮೇಲೆ. ಅವರು ವರ್ಗಾವಣೆ ಆದ್ರು ಅಂದ್ರೆ ಅತಿಥಿ ಶಿಕ್ಷಕರು ಬರೋವರೆಗೆ ಮ್ಯಾಥ್ಸ್ ಪೀರಿಯಡ್ಡಲ್ಲಿ ಪಿಟಿ. ಹೈಸ್ಕೂಲ್ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,500 ಇತ್ತು, 2025ರ ಬಜೆಟ್ಟಲ್ಲಿ ಎರಡು ಸಾವಿರ ಏರಿಸಿದ್ರು. ಬಿಎಸ್ಸಿ ಬಿಎಡ್ ಮಾಡಿದವ ಆ ದುಡ್ಡಿಗೆ ಘಟ್ಟದ ಒಳಗಿನ ಶಾಲೆಗೆ ಬೈಕ್ ಪೆಟ್ರೋಲ್ ಹಾಕ್ಕೊಂಡು ಹೋಗೂದಾ, ಪೇಟೆಯಲ್ಲಿ ಹದಿನೈದು ಮಕ್ಕಳನ್ನ ಕೂರಿಸಿ ತಲೆಗೆ ಸಾವಿರದ ಹಾಗೆ ತಗೊಳ್ಳೂದಾ? ಹೀಗೆ ಶಾಲೆಗೆ ಬೇಕಾದವನನ್ನ ಟ್ಯೂಷನ್ ಎಳ್ಕೊಳ್ತದೆ, ಅವನಿಲ್ಲದ ಶಾಲೆಯ ಮಕ್ಕಳು ಮತ್ತೆ ಅವನ ಹತ್ರವೇ ಟ್ಯೂಷನ್‌ಗೆ ಬರ್ತಾರೆ, ಬಸ್ಸಿದ್ದವರು ಮಾತ್ರ.

ಬಸ್ಸು ಅಂದೆ ನೋಡಿ, ನಮ್ಮ ಜಿಲ್ಲೆಯಲ್ಲಿ ಯಾರಿಗೆ ಟ್ಯೂಷನ್ ಸಿಗ್ತದೆ ಅನ್ನೋದನ್ನ ದುಡ್ಡಿಗಿಂತ ಮೊದ್ಲು ತೀರ್ಮಾನ ಮಾಡೂದು ಬಸ್ಸು. ಸಂಜೆ ಆರೂವರೆಗೆ ಹಳ್ಳಿ ಕಡೆ ಲಾಸ್ಟ್ ಬಸ್ಸು ಹೋಯ್ತು ಅಂದ್ರೆ ಆ ದಾರಿಯ ಮಕ್ಕಳಿಗೆ ಸಂಜೆ ಬ್ಯಾಚೇ ಇಲ್ಲ, ಬೆಳಿಗ್ಗೆ ಆರೂವರೆ ಬ್ಯಾಚಿಗೆ ಬರ್ಬೇಕು, ಅದಕ್ಕೆ ಐದಕ್ಕೆ ಏಳ್ಬೇಕು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯ್ತು, ನಾನು ನೋಡಿದ ಹಾಗೆ ಆಮೇಲೆ ಹಳ್ಳಿಯಿಂದ ಟ್ಯೂಷನ್‌ಗೆ ಬರೋ ಹುಡುಗಿಯರು ಜಾಸ್ತಿ ಆಗಿದ್ದಾರೆ, ಈ ಯೋಜನೆಯ ಬಗ್ಗೆ ಇಷ್ಟು ಜಗಳ ಆದ್ರೂ ಈ ಮಾತು ಯಾರೂ ಎತ್ತಿಲ್ಲ. ಇನ್ನು ಮಳೆ. ಜುಲೈ ಬಂದ್ರೆ ರಾತ್ರಿ ಒಂಬತ್ತಕ್ಕೆ ವಾಟ್ಸಾಪಲ್ಲಿ ಡಿಸಿ ಆರ್ಡರು, ನಾಳೆ ರಜೆ. 2024ರಲ್ಲಿ ನೋಡಿ, ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಹೈವೇ ಮೇಲೆ ಕುಸೀತು, ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು, ಸದಾಶಿವಗಡದ ಮಕ್ಕಳು ಪೇಟೆಗೆ ಬರೂದೇ ಕಷ್ಟ ಆಯ್ತು. ಶಾಲೆ ಕಳೆದ ದಿನಗಳನ್ನ ಶನಿವಾರ ಮಧ್ಯಾಹ್ನ ತುಂಬಿಸ್ತದೆ, ತುಂಬಿತು ಅಂತ ರಿಜಿಸ್ಟರಲ್ಲಿ ಬರೀತದೆ. ಟ್ಯೂಷನ್‌ಗೆ ಡಿಸಿ ಆರ್ಡರ್ ಇಲ್ಲ, ಪೇಟೆಯಲ್ಲೇ ಮನೆ ಇದ್ದವರು ಕೊಡೆ ಹಿಡ್ಕೊಂಡು ಹೋಗಿ ಕೂರ್ತಾರೆ. ಜಾತ್ರೆ ವರ್ಷ ಕೇಳೂದೇ ಬೇಡ, 2024ರಲ್ಲಿ ಮಾರಿಕಾಂಬೆ ಜಾತ್ರೆ ಮಾರ್ಚ್ 27ರವರೆಗೆ, ಪರೀಕ್ಷೆ 25ಕ್ಕೇ ಶುರು, ಮನೆ ತುಂಬಾ ನೆಂಟರು, ಮಗ ಅಟ್ಟದ ಮೇಲೆ ಥೇಲ್ಸ್ ಪ್ರಮೇಯ.

ಕಾನೂನು ಏನು ಹೇಳ್ತದೆ ಅಂದ್ರೆ, 2009ರ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಕೇಂದ್ರ 2024ರ ಜನವರಿಯಲ್ಲಿ ಮಾರ್ಗಸೂಚಿ ತಂತು, 16 ವರ್ಷದ ಒಳಗಿನವರನ್ನ ಕೋಚಿಂಗಿಗೆ ಸೇರಿಸ್ಕೊಳ್ಳಬಾರದು ಅಂತ. ಆದ್ರೆ ಅದು 50ಕ್ಕಿಂತ ಜಾಸ್ತಿ ಮಕ್ಕಳಿರೋ ಸೆಂಟರಿಗೆ ಮಾತ್ರ. ನಮ್ಮ ಕಡೆ ಮನೆ ಜಗುಲಿಯಲ್ಲಿ, ಅಂಗಡಿ ಮಾಳಿಗೆಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳನ್ನ ಕೂರಿಸೋರಿಗೆ ಅದು ತಾಗೂದೇ ಇಲ್ಲ. ತಾಗಬೇಕಾ ಅಂತ ಕೇಳಿದ್ರೆ ನನಗೆ ಬೇಡ ಅನ್ನಿಸ್ತದೆ, ನಿವೃತ್ತ ಮೇಷ್ಟ್ರು ಒಬ್ಬರು ಎಂಟು ಮಕ್ಕಳಿಗೆ ಲೆಕ್ಕ ಹೇಳೂದಕ್ಕೂ ಲೈಸೆನ್ಸ್ ಅಂದ್ರೆ ಮೊದ್ಲು ಬಾಗಿಲು ಹಾಕೋರು ಅವ್ರೇ.

ಹಾಗಾದ್ರೆ ಹಾಕೂದಾ ಬೇಡ್ವಾ. ನಾನು ಪಕ್ಕದ ಮನೆಯವರಿಗೆ ಹೇಳಿದ್ದು ಇಷ್ಟು. ಮಗ ಹತ್ತಕ್ಕೆ ಬಂದಾಯ್ತು, ಅವನಿಗೆ ಈಗ ಅರವತ್ತು ಮಕ್ಕಳ ಬ್ಯಾಚು ಬೇಡ, ಅಲ್ಲಿ ಸಿಗೋ ನೋಟ್ಸು ಶಾಲೆಯ ಸ್ಪೆಷಲ್ ಕ್ಲಾಸಲ್ಲೂ ಸಿಗ್ತದೆ. ಹೇಗೂ 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ, 2025-26ರಿಂದ ಒಂದೊಂದು ಸಬ್ಜೆಕ್ಟಲ್ಲೂ ಶೇ. 30 ತೆಗೆದು ಒಟ್ಟು 625ಕ್ಕೆ 206 ಅಂದ್ರೆ ಶೇ. 33 ಬಂದ್ರೆ ಪಾಸು, ಫೇಲ್ ಆಗ್ತಾನೆ ಅನ್ನೋ ಹೆದರಿಕೆಗೆ ದುಡ್ಡು ಸುರಿಯೋ ಕಾಲ ಇದಲ್ಲ. ಅವನನ್ನ ಕೂರಿಸಿ ಏಳನೇ ಕ್ಲಾಸಿನ ಗಣಿತ ಪುಸ್ತಕ ತೆಗೆದು ಎಲ್ಲಿ ಕೈ ನಿಲ್ತದೆ ನೋಡೋ ಒಬ್ಬರು ಸಿಕ್ಕಿದ್ರೆ ಹಾಕಿ, ಎರಡು ತಿಂಗಳು ಬರೀ ಮೈನಸ್ಸು ಭಿನ್ನರಾಶಿ ಮಾಡಿಸ್ಲಿ, ಪೋರ್ಷನ್ ಎಲ್ಲಿಗೆ ಬಂತು ಅಂತ ನೀವು ಫೋನ್ ಮಾಡ್ಬೇಡಿ. ಟ್ಯೂಷನ್ ನೋಡ್ಲಿಕ್ಕೆ ಹೋದಾಗ ಕಳೆದ ವರ್ಷ ಎಷ್ಟು ಮಂದಿಗೆ ನೂರಕ್ಕೆ ನೂರು ಬಂತು ಅಂತ ಕೇಳೂದು ಬಿಟ್ಟು, ಮಗ ತಪ್ಪು ಮಾಡಿದ ಲೆಕ್ಕವನ್ನ ಯಾರು ನೋಡ್ತಾರೆ, ಯಾವಾಗ ನೋಡ್ತಾರೆ ಅಂತ ಕೇಳಿ. ನೂರು ಬಂದ ಮಗುವಿನ ಫೋಟೋ ಬ್ಯಾನರಲ್ಲಿ ಇರ್ತದೆ, ಆ ಮಗು ಎಲ್ಲಿಗೆ ಹೋಗಿದ್ರೂ ನೂರೇ ತೆಗೀತಿತ್ತು.

ಮತ್ತೆ ಮಗಳು. ಅವಳಿಗೆ ಈಗ ಎಂಟು, ಕೊಡೋ ದುಡ್ಡು ಇದ್ರೆ ಅವಳಿಗೆ ಕೊಡಿ ಅಂದೆ. ಕನ್ನಡ ಮೀಡಿಯಂನಿಂದ ಇಂಗ್ಲಿಷಿಗೆ ಹೋಗೋ ವರ್ಷ, ಬೀಜಗಣಿತ ಗಟ್ಟಿ ಆಗೋ ವರ್ಷ, ಬೋರ್ಡ್ ಪರೀಕ್ಷೆ ಹೆದರಿಕೆ ಇಲ್ಲ, ವಾರಕ್ಕೆ ಎರಡೇ ದಿನ ಹೋದ್ರೂ ಸಾಕು, ಅರ್ಧ ದುಡ್ಡಲ್ಲಿ ಮುಗೀತದೆ, ಹತ್ತಕ್ಕೆ ಬಂದಾಗ ಟ್ಯೂಷನ್ನೇ ಬೇಡದೇ ಇರಬಹುದು. ಒಂದು ಗಂಟೆ ಹೇಳಿದೆ, ಚಾ ಆಯ್ತು, ತಲೆ ಆಡಿಸಿದ್ರು, ಹೌದು ನೀ ಹೇಳೂದು ಸರಿ ಅಂದ್ರು.

ಮೊನ್ನೆ ಬೆಳಿಗ್ಗೆ ಹಾಲು ತರ್ಲಿಕ್ಕೆ ಹೊರಟಾಗ ಮಗ ಬ್ಯಾಗು ಹಾಕ್ಕೊಂಡು ಗೇಟು ತೆಗೀತಿದ್ದ, ಆರೂವರೆ ಬ್ಯಾಚು, ಎಷ್ಟು ಮಕ್ಕಳಿದ್ದಾರೋ ಅಂತ ಕೇಳಿದ್ರೆ ಲೆಕ್ಕ ಮಾಡಿಲ್ಲ ಅಣ್ಣ, ಹಿಂದೆ ಕೂತ್ರೆ ಬೋರ್ಡ್ ಕಾಣೂದಿಲ್ಲ ಅಂದ. ಅವರಮ್ಮ ಬಾಗಿಲಲ್ಲಿ ನಿಂತಿದ್ರು. ಮಗಳನ್ನ ಹಾಕಿದ್ರಾ ಅಂತ ಕೇಳಿದೆ.

"ಅದಕ್ಕೆ ಈಗೆಂತ, ಇನ್ನೂ ಎಂಟಲ್ದಾ, ಹತ್ತಕ್ಕೆ ಬರಲಿ ನೋಡುವ."